ಕುಂಕುಮದ ಕೆಳಗಿನ ನಂಬರು

ಜೂನ್ 16, ಸೋಮವಾರ, ಬೆಳಿಗ್ಗೆ 10.20. ಒಬ್ಬಳೇ ಬೇಸಾಯ ಮಾಡಿಕೊಂಡಿದ್ದ ಹಂಗಳದ ಶಿವಮ್ಮ ಗುಂಡ್ಲುಪೇಟೆ ಠಾಣೆಗೆ ಬಂದಾಗ ಕೈಯಲ್ಲಿ ತೋಟಗಾರಿಕೆ ಇಲಾಖೆಯ ನೋಟಿಸಿತ್ತು. ಸರ್ಕಾರದ ಸಹಾಯಧನದಲ್ಲಿ ಆಕೆಯ ಹೊಲಕ್ಕೆ ಹಾಕಿಸಿದ ಹನಿ ನೀರಾವರಿ ಪೈಪುಗಳು ಪರಿಶೀಲನೆಯಲ್ಲಿ ಕಂಡುಬಂದಿಲ್ಲ, ಮಾರಿಕೊಂಡಿದ್ದರೆ ಸಹಾಯಧನ ವಾಪಸು ಕಟ್ಟಬೇಕು ಎಂದಿತ್ತು.

"ಪೈಪು ಹಾಕಿದ್ದು ಯಾರು?" ಇನ್‌ಸ್ಪೆಕ್ಟರ್ ಶಿವರಂಜಿನಿ ಕೇಳಿದರು.

"ಪೈಪಂಗ್ಡಿ ಮಾದೇವಪ್ರಸಾದ. ನನ್ನ ನಿಲ್ಲಿಸಿ ಫೋಟೋ ತಗ್ದ. ಮಾರನೇ ದಿನ ಬಂದು, ತೂತು ಸರಿಯಿಲ್ಲ, ಬದಲಾಯಿಸ್ಕ ಬತ್ತೀನಿ ಅಂತ ಎಲ್ಲಾನೂ ಸುತ್ಕಂಡೋದ."

"ಚೀಟಿ ಬರೆಸಿಕೊಳ್ಳಲಿಲ್ವಾ?"

"ಊರೋರಿಗೆಲ್ಲ ಅವ್ನೇ ಆಕದು. ಅವನ್ತವ ಏನ್ ಚೀಟಿ ಮೇಡಮ್ಮೋರೇ? ಈಗ ನಲ್ಲಿತಾವ ಓದ್ರೆ ಎಲ್ರೂ ಮಾತು ನಿಲ್ಲಿಸ್ಬುಡ್ತಾರೆ. ಕಳ್ಳಿ ಅಂತಾವ್ರೆ. ದುಡ್ಡು ಓದ್ರೆ ಓಗ್ಲಿ, ಆ ಮಾತು ಓಗ್ಬೇಕು."

ವಂಚನೆ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಠಾಣೆಗೆ ಬಂದ ಮಹದೇವಪ್ರಸಾದನ ಮುಖದಲ್ಲಿ ಅಳುಕೇ ಇರಲಿಲ್ಲ.

"ಫೋಟೋ ನೋಡಿ ಮೇಡಂ. ಆಕ್ಕೊಟ್ಟಿವ್ನಿ. ಆಮೇಲೆ ಮಾರ್ಕಂಡ್ರೆ ನಾನೇನ್ ಮಾಡ್ಲಿ?"

ಫೋಟೋ ಅವನ ಪರವಾಗಿಯೇ ಇತ್ತು. ಪೈಪುಗಳ ಮುಂದೆ ಶಿವಮ್ಮ ತಲೆಗೆ ಸೆರಗು ಹೊದ್ದು, ಮದುವೆ ಮನೆಯಲ್ಲಿ ನಿಂತವಳಂತೆ ನಗುತ್ತಿದ್ದಳು. ಪಾಪ, ನಕ್ಕಿದ್ದೇ ಅವಳಿಗೆ ಮುಳುವಾಗಿತ್ತು. ಆದರೆ ಮೂಲೆಯಲ್ಲಿ ಒಂದು ಗೂಡ್ಸ್ ಆಟೊ ನಿಂತಿತ್ತು, ನಂಬರ್ ಸ್ಪಷ್ಟವಾಗಿತ್ತು. ಹೆಡ್ ಕಾನ್‌ಸ್ಟೇಬಲ್ ಚಿಕ್ಕಬೀರಯ್ಯ ಸಂಜೆಯೊಳಗೆ ಅದರ ಚಾಲಕ ಸೋಮಯ್ಯನನ್ನು ಕರೆತಂದ.

"ಪೈಪು ವಾಪಸ್ ಎಲ್ಲಿಗೆ ಹೊಡೆದೆ?"

"ಚಂದಕವಾಡಿಗೆ ಮೇಡಂ. ಅವ್ರ ತಂಗಿ ಭವ್ಯನ ಒಲಕ್ಕೆ."

ಮರುದಿನ ಅಲ್ಲಿನ ಠಾಣೆಗೆ ತಿಳಿಸಿ, ಇಬ್ಬರು ಪಂಚರ ಜೊತೆ, ಮಹದೇವಪ್ರಸಾದನನ್ನೂ ಕರೆದುಕೊಂಡು ಹೋದರು. ಅರಿಶಿನದ ಸಾಲುಗಳಲ್ಲಿ ಪೈಪುಗಳು ಹನಿಯುತ್ತಿದ್ದವು. ಅವುಗಳ ಮೇಲಿನ ನಂಬರನ್ನೆಲ್ಲ ಕೆರೆದು ಹಾಕಲಾಗಿತ್ತು.

"ಗುಜರೀಲಿ ತಕಂಡಿದ್ದು," ಎಂದ ಮಹದೇವಪ್ರಸಾದ.

ಉಳಿದದ್ದು ಪೈಪುಗಳ ಜೊತೆಗೇ ಬರುವ, ನೀರು ಸೋಸುವ ಕಬ್ಬಿಣದ ಫಿಲ್ಟರ್. ಮೊದಲ ನೀರು ಬಿಟ್ಟ ದಿನ ಭವ್ಯ ಅದಕ್ಕೆ ಪೂಜೆ ಮಾಡಿ, ಅರಿಶಿನ ಕುಂಕುಮ ದಪ್ಪಗೆ ಬಳಿದಿದ್ದಳು. ಚಿಕ್ಕಬೀರಯ್ಯ ಕೈ ಚಾಚಿ, ಹಿಂದಕ್ಕೆ ಎಳೆದುಕೊಂಡ.

"ಪೂಜೆ ಮಾಡವ್ರೆ ಮೇಡಂ."

ಶಿವರಂಜಿನಿ ಬೂಟು ಬಿಚ್ಚಿಟ್ಟರು. ಕರ್ಚೀಫು ಒದ್ದೆ ಮಾಡಿ ನಿಧಾನವಾಗಿ ಒರೆಸಿದರು. ಕೆಳಗೆ ನಂಬರು ಮೂಡಿತು. ಶಿವಮ್ಮನ ಹೆಸರಿನ ಬಿಲ್ಲಿನಲ್ಲಿದ್ದ ನಂಬರೇ ಅದು.

"ಎಲ್ಲಾ ಕೆರೆದವನು ಇದನ್ನ ಯಾಕೆ ಬಿಟ್ಟೆ?"

"ಕೆರಿಯಕ್ಕೋದಾಗ ಪೂಜೆ ಆಗೋಗಿತ್ತು. ಕುಂಕುಮ ಇಟ್ಟಿರದ್ಕೆ ಬ್ಲೇಡ್ ಆಕಕ್ಕಾಯ್ತದಾ ಮೇಡಂ?"

ಒಂಟಿ ಹೆಂಗಸಿಗೆ ಮೋಸ ಮಾಡಲು ಅಂಜದವನು ಕುಂಕುಮಕ್ಕೆ ಅಂಜಿದ್ದ. ಪಂಚನಾಮೆ ಮುಗಿಸಿ, ಸಂಜೆ 4.40ಕ್ಕೆ ಅವನನ್ನು ಬಂಧಿಸಲಾಯಿತು.

ಮಾರನೇ ದಿನ ಸ್ಥಳ ಮಹಜರಿಗೆ ಹಂಗಳಕ್ಕೆ ಕರೆತಂದಾಗ ಊರೇ ನೆರೆದಿತ್ತು. ಪೈಪು ಒಯ್ದದ್ದು ತಾನೇ ಎಂದು ಅವನು ಎಲ್ಲರೆದುರು ಹೇಳಿದ. ಶಿವಮ್ಮ ಬಿಂದಿಗೆ ಎತ್ತಿಕೊಂಡು ನೇರ ನಲ್ಲಿಯ ಕಡೆ ಹೋದಳು, ನಿಂತಿದ್ದವರು ಜಾಗ ಬಿಟ್ಟರು.

ಹೇಳಿಕೆಯಲ್ಲಿ ಅವನು ಕಾರಣ ಹೇಳಿದ. ಗಂಡ ಸತ್ತ ಮೇಲೆ ಹೊಲ ಗೇಯುವವಳು ಭವ್ಯ, ಆದರೆ ಪಹಣಿ ತೀರಿಹೋದ ಮಾವನ ಹೆಸರಲ್ಲೇ ಇದೆ. ಖಾತೆ ಬದಲಾಯಿಸಲು ಮೈದುನರು ಸಹಿ ಹಾಕುವುದಿಲ್ಲ. ಸಹಾಯಧನಕ್ಕೆ ಹಾಕಿದ ಆಕೆಯ ಅರ್ಜಿ ಎರಡು ಸಲ ವಾಪಸು ಬಂದಿತ್ತು.

"ಊರೋರ ಒಲಕ್ಕೆಲ್ಲ ನಾನೇ ಪೈಪು ಎಳ್ದಿವ್ನಿ. ನನ್ ತಂಗಿ ಬಿಂದ್ಗೇಲಿ ನೀರು ಒತ್ತಳೆ ಮೇಡಂ."

ಅಣ್ಣ ಕೊಂಡು ತಂದದ್ದೆಂದೇ ನಂಬಿದ್ದ ಭವ್ಯಳ ಹೇಳಿಕೆಯನ್ನು ಕೊನೆಯಲ್ಲಿ ಪಡೆದರು. ಹೆಸರು, ವಯಸ್ಸು ಬರೆದು, ವೃತ್ತಿಯ ಮುಂದೆ ಚಿಕ್ಕಬೀರಯ್ಯ ರೂಢಿಯಂತೆ 'ಮನೆಗೆಲಸ' ಎಂದು ಬರೆದ. ಶಿವರಂಜಿನಿ ಅದನ್ನು ಹೊಡೆದು ಹಾಕಿ 'ಬೇಸಾಯ' ಎಂದು ತಿದ್ದಿದರು.

ಹಾಗೆಂದು ಬರೆದ ಕಾಗದಕ್ಕೆ ಭವ್ಯ ಸಹಿ ಹಾಕಿದ್ದು ಅದೇ ಮೊದಲು. ಹೊರಗೆ ಜೀಪಿನ ಹಿಂದೆ ಅವಳ ಹೊಲದ ಪೈಪುಗಳು ಸುರುಳಿ ಸುತ್ತಿ ಬಿದ್ದಿದ್ದವು.