ನೆಲಕ್ಕಿಳಿದ ತೊಗರಿ

ಮರಗಳಿಗೆ ಇನ್ನೂ ವಯಸ್ಸಾಗದಿದ್ದ ಕಾಲದಲ್ಲಿ, ಬಿಸಿಲು ನೆಲವನ್ನು ತಲುಪಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ಒಂದು ಕಾಡಿನಲ್ಲಿ, ಮೇಲ್ನಾಡು ಎಂಬ ರಾಜ್ಯವಿತ್ತು. ಅದು ಕೆಂದಳಿಲುಗಳ ರಾಜ್ಯ. ಬೆಕ್ಕಿನಷ್ಟು ದೊಡ್ಡ ದೇಹ, ದೇಹಕ್ಕಿಂತ ಉದ್ದವಾದ ಕೆಂಪು ಬಾಲ. ಅವರು ಹಾರಿದರೆ ಹಸಿರಿನ ನಡುವೆ ಬೆಂಕಿಯ ಗೆರೆ ಎಳೆದಂತಿರುತ್ತಿತ್ತು. ಅವರು ಕೊಂಬೆಯಲ್ಲಿ ಹುಟ್ಟಿ, ಕೊಂಬೆಯಲ್ಲಿ ಉಂಡು, ಕೊಂಬೆಯಲ್ಲೇ ಸಾಯುತ್ತಿದ್ದರು. ನೆಲವನ್ನು ಮುಟ್ಟುವಂತಿರಲಿಲ್ಲ.

ಮುಟ್ಟಿದವರ ಗೂಡನ್ನು ಎಲೆ ಎಲೆಯಾಗಿ ಬಿಚ್ಚಿ ಗಾಳಿಗೆ ಬಿಡುತ್ತಿದ್ದರು. ಅವರ ಹೆಸರನ್ನು ಮತ್ತೆ ಯಾರೂ ಎತ್ತುತ್ತಿರಲಿಲ್ಲ. ಬೇಕೆಂದು ಇಳಿದವರಿಗೂ ಕಾಲು ಜಾರಿ ಬಿದ್ದವರಿಗೂ ಈ ನಿಯಮದಲ್ಲಿ ವ್ಯತ್ಯಾಸವಿರಲಿಲ್ಲ.

ಒಂದು ಬೆಳಿಗ್ಗೆ ಬಿರುಗಾಳಿಗೆ ಕೊಂಬೆ ಮುರಿದು ಸಂಪಗಿ ಎಂಬವಳು ಬಿದ್ದಳು. ಹಣ್ಣು ಹುಡುಕಲು ಹೋಗಿದ್ದ ಅವಳ ತಂಗಿ ತೊಗರಿ ಮರಳುವಷ್ಟರಲ್ಲಿ ಅಕ್ಕನ ಅರ್ಧ ಗೂಡು ಬಿಚ್ಚಿಯಾಗಿತ್ತು. ಬಿಚ್ಚುತ್ತಿದ್ದವಳು ಅವರಿಬ್ಬರನ್ನೂ ಸಾಕಿದ ಅಜ್ಜಿ, ಮೇಲ್ನಾಡಿನ ಹಿರಿಯಳಾದ ಬೂರುಗಜ್ಜಿ.

"ಅಜ್ಜಿ, ಅಕ್ಕ ಬದುಕಿದ್ದಾಳೆ. ಕೆಳಗಿನಿಂದ ಕೂಗು ಕೇಳಿಸುತ್ತಿದೆ."

"ಯಾವ ಅಕ್ಕ?"

"ನಿನ್ನೆ ಸಂಜೆ ನಿನ್ನ ಬೆನ್ನು ತುರಿಸಿದಳಲ್ಲ, ಆ ಅಕ್ಕ."

ಅಜ್ಜಿಯ ಕೈ ಒಂದು ಕ್ಷಣ ನಿಂತಿತು. ಮತ್ತೆ ಒಂದು ಎಲೆಯನ್ನು ಕಿತ್ತಿತು.

"ಹೋಗಲಿ ಬಿಡಿ ಅತ್ತೆ, ಇವಳೂ ಇಳಿಯಲಿ," ಎಂದಳು ಪಕ್ಕದ ಕೊಂಬೆಯ ಚಿಕ್ಕಮ್ಮ. "ಇಲಿಗಳ ಮನೆಗೂ ಸೊಸೆ ಬೇಕಂತೆ."

ಎಲ್ಲರೂ ನಕ್ಕರು.

ನೆಲದಡಿಯಲ್ಲಿ ಬೇರರಸ ಎಂಬ ಮಾಂತ್ರಿಕನಿದ್ದನು. ಬಿದ್ದವರನ್ನು ಅವನು ಬೇಟೆಯಾಡುತ್ತಿರಲಿಲ್ಲ. ಅದರ ಅಗತ್ಯವೇ ಇರಲಿಲ್ಲ, ಬೇರುಗಳೇ ಅವರನ್ನು ಅವನ ಸಭೆಗೆ ಎಳೆದು ತರುತ್ತಿದ್ದವು. ಅವರ ಕಡೆಯವರು ಯಾರಾದರೂ ಅಲ್ಲಿಗೆ ಬಂದು, ಅವರೆದುರು ನೆಲದ ಮೇಲೆ ನಿಂತು ಹೆಸರು ಹಿಡಿದು ಕರೆಯಬೇಕು. ಕರೆಯದೆ ಮೂರು ಸೂರ್ಯಾಸ್ತ ಕಳೆದರೆ ಬಿದ್ದವರು ಮಣ್ಣಿನ ಗೊಂಬೆಗಳಾಗುತ್ತಿದ್ದರು. ಅವರ ಉಳಿದ ಆಯುಷ್ಯ ಅವನದಾಗುತ್ತಿತ್ತು. ಹೀಗೆ ಅವನು ಒಂಬೈನೂರು ವರ್ಷ ಬದುಕಿದ್ದನು. ಇದು ಮೇಲ್ನಾಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದವರಂತೆ ಇರುವುದನ್ನೂ ಎಲ್ಲರೂ ಕಲಿತಿದ್ದರು.

ತೊಗರಿ ಇಳಿದಳು.

ನೆಲವೆಂದರೆ ಕತ್ತಲೆ ಎಂದು ಅವಳಿಗೆ ಕಲಿಸಿದ್ದರು. ಕಾಲೂರಿದಾಗ ನೆಲ ಬೆಚ್ಚಗಿತ್ತು, ಉಸಿರಾಡುತ್ತಿತ್ತು. ಅಣಬೆಗಳು ನೀಲಿಯಾಗಿ ಬೆಳಗುತ್ತಿದ್ದವು. ಇರುವೆಗಳ ಸಾಲೊಂದು ಬಿಸಿಲಿನ ತುಣುಕುಗಳನ್ನು ಹೊತ್ತು ಹುತ್ತದೊಳಗೆ ಇಳಿಸುತ್ತಿತ್ತು. ಅವಳು ಬಹಳ ಹೊತ್ತು ಅಲ್ಲಾಡದೆ ನಿಂತಳು. ಇಷ್ಟನ್ನು ಇಷ್ಟು ದಿನ ತಮ್ಮಿಂದ ಮುಚ್ಚಿಟ್ಟವರ ಮೇಲೆ ಅವಳಿಗೆ ಸಿಟ್ಟು ಬಂತು.

ಮೊದಲ ದಿನ ತರಗೆಲೆಗಳೆಲ್ಲ ಎದ್ದು ಸುರುಳಿಗೊಂಡು ಒಂದು ಹೆಬ್ಬಾವಾದವು. ಅದರ ತಲೆ ಆನೆಯಷ್ಟಿತ್ತು.

"ಯಾರ ಕಡೆಯವಳು ನೀನು?" ಎಂದು ಹೆಬ್ಬಾವು ಕೇಳಿತು.

"ಮೇಲ್ನಾಡಿನವಳು."

"ಮೇಲ್ನಾಡಿನವರಿಗೆ ಇಲ್ಲಿ ಯಾರೂ ಇಲ್ಲ. ಅವರೇ ಹೇಳಿದ್ದಾರೆ."

ತೊಗರಿ ಯೋಚಿಸಿದಳು. "ಹಾಗಾದರೆ ಬಿದ್ದವಳ ತಂಗಿ."

ಹೆಬ್ಬಾವು ಮತ್ತೆ ತರಗೆಲೆಯಾಗಿ ಉದುರಿತು. ದಾರಿ ತೆರೆಯಿತು.

ಎರಡನೆಯ ದಿನ ಬೇರುಗಳ ನಡುವೆ ಒಂದು ನದಿ ಸಿಕ್ಕಿತು. ಅದು ಕೆಳಗಿನಿಂದ ಮೇಲಕ್ಕೆ ಹರಿಯುತ್ತಿತ್ತು. ಮರಗಳೆಲ್ಲ ಅದನ್ನೇ ಕುಡಿಯುತ್ತಿದ್ದವು. ದಡದಲ್ಲಿ ಗಾಜಿನ ಮುಳ್ಳುಗಳ ಮುಳ್ಳುಹಂದಿಯೊಂದು ಕುಳಿತಿತ್ತು.

"ಯಾರ ಕಡೆಯವಳು ನೀನು?"

"ಬಿದ್ದವಳ ತಂಗಿ."

"ಮಾತು ಚೆನ್ನಾಗಿದೆ. ಬಾಲದ ಕೆಂಪನ್ನು ಇಲ್ಲಿ ಬಿಟ್ಟು ಹೋಗು. ಮತ್ತೆ ಮೇಲೆ ಹತ್ತಿದರೂ ನಿನ್ನನ್ನು ಯಾರೂ ತಮ್ಮವಳು ಎನ್ನಬಾರದು."

"ತಗೊಳ್ಳಪ್ಪ," ಎಂದಳು ತೊಗರಿ, "ಬೇಗ ತಗೋ. ನನಗೆ ಹೊತ್ತಾಗುತ್ತಿದೆ."

ಅವಳು ಬಾಲವನ್ನು ನೀರಿಗಿಳಿಸಿದಳು. ಕೆಂಪು ಕರಗಿ ಹೋಯಿತು. ಬೂದಿಬಣ್ಣದ ಬಾಲ ಹೊತ್ತು ಅವಳು ದಾಟಿದಳು.

ಮೂರನೆಯ ದಿನ, ಸೂರ್ಯ ಇಳಿಯಲು ಇನ್ನೊಂದು ಗಳಿಗೆ ಇರುವಾಗ, ಅವಳು ಬೇರರಸನ ಸಭೆಯನ್ನು ಹೊಕ್ಕಳು. ಅದು ಮೇಲ್ನಾಡನ್ನು ಹೊತ್ತ ತಾಯಿಮರದ ಟೊಳ್ಳಾದ ಬುಡ. ಮೂರು ದಿನ ಸುತ್ತಿದ ದಾರಿ ಅವಳನ್ನು ಅವಳದೇ ಮನೆಯ ಕೆಳಗೆ ತಂದು ನಿಲ್ಲಿಸಿತ್ತು. ಸುತ್ತಲೂ ಮುನ್ನೂರು ಮಣ್ಣಿನ ಗೊಂಬೆಗಳು ಮುಖ ಮೇಲೆತ್ತಿ ಕಾಯುತ್ತಿದ್ದವು. ನಡುವೆ ಸಂಪಗಿ, ಮಣ್ಣು ಅವಳ ಗಲ್ಲದವರೆಗೆ ಏರಿತ್ತು.

"ಸಂಪಗಿ! ಅಕ್ಕಾ!"

ಮಣ್ಣು ಬಿರಿಯಿತು. ಸಂಪಗಿ ಕೆಮ್ಮುತ್ತ ಹೊರಬಂದಳು. "ಇಷ್ಟು ತಡವೇನೇ? ಏನಿದು ನಿನ್ನ ಬಾಲ?"

ಬೇರರಸನು ಸಾವಿರ ಕವಲುಗಳ ಗಡ್ಡವನ್ನು ನೀವಿಕೊಂಡನು. ಅವನು ಒರಟನಲ್ಲ. "ನಿನ್ನವಳು ಸಿಕ್ಕಳಲ್ಲ ತಾಯಿ, ಕರೆದುಕೊಂಡು ಹೋಗು. ನಾನು ತಡೆಯುವುದಿಲ್ಲ."

"ಇವರು?"

"ಇವರನ್ನು ನಾನು ಕದ್ದಿಲ್ಲ. ನಿಮ್ಮವರು ಬಿಟ್ಟರು, ನಾನು ಇಟ್ಟುಕೊಂಡೆ. ಬೇಕಾದರೆ ಕರೆ. ಹೆಸರು ಗೊತ್ತಿದೆಯೇ?"

ತೊಗರಿಗೆ ಒಂದು ಹೆಸರೂ ಗೊತ್ತಿರಲಿಲ್ಲ. ಸಂಪಗಿ ಅವಳ ಕೈ ಎಳೆದಳು. "ಬಾರೇ, ಬಾಗಿಲು ಮುಚ್ಚಿಕೊಳ್ಳುತ್ತಿದೆ." ಬೇರುಗಳು ನಿಜವಾಗಿಯೂ ಹೆಣೆದುಕೊಳ್ಳುತ್ತಿದ್ದವು. ತೊಗರಿ ಕೈ ಬಿಡಿಸಿಕೊಂಡು ಟೊಳ್ಳು ಮರದೊಳಗೆ ಮುಖವೆತ್ತಿ ಕೂಗಿದಳು.

"ಅಜ್ಜಿ! ಇವರ ಹೆಸರು ಹೇಳು!"

ಕೂಗು ನೂರು ಆಳೆತ್ತರ ಏರಿ ಮೇಲ್ನಾಡಿನ ಪ್ರತಿ ಕೊಂಬೆಯನ್ನೂ ಮುಟ್ಟಿತು. ಉತ್ತರ ಬರಲಿಲ್ಲ.

"ನೋಡಿದೆಯಾ?" ಎಂದನು ಬೇರರಸ.

ಆಗ ಮರದೊಳಗೆ ಉಗುರು ಗೀಚುವ ಸದ್ದು ಕೇಳಿಸಿತು. ತುಂಬ ನಿಧಾನವಾದ ಸದ್ದು. ಬೂರುಗಜ್ಜಿ ಇಳಿಯುತ್ತಿದ್ದಳು. ನೆಲಕ್ಕೆ ಒಂದು ಗೇಣು ಉಳಿದಿರುವಾಗ ಅವಳು ನಿಂತಳು. ಆಮೇಲೆ ಮುದಿ ಕಾಲನ್ನು ನೆಲದ ಮೇಲೆ ಇಟ್ಟಳು.

"ಹೊಂಗೆ," ಎಂದಳು. "ನನ್ನ ಮಗಳೇ."

ಒಂದು ಗೊಂಬೆ ಬಿರಿದು ಒಬ್ಬಳು ಉಸಿರೆಳೆದಳು. ಅವಳು ತೊಗರಿ ಮತ್ತು ಸಂಪಗಿಯರ ತಾಯಿ.

"ಮತ್ತಿ. ಹಾಲವಾಣ. ನೇರಳೆ. ಕಿರುನೆಲ್ಲಿ." ಅಜ್ಜಿ ಒಂದನ್ನೂ ಬಿಡಲಿಲ್ಲ. ತಾನು ಗೂಡು ಬಿಚ್ಚಿದವರ ಹೆಸರು, ತನ್ನ ತಾಯಿ ಬಿಚ್ಚಿದವರ ಹೆಸರು, ಅವಳಿಗೂ ಹಿಂದಿನ ಹಿರಿಯರು ಬಿಚ್ಚಿದವರ ಹೆಸರು: ಮುನ್ನೂರನ್ನೂ ಹೇಳಿದಳು. ಪ್ರತಿ ಹೆಸರಿಗೂ ಒಂದು ಗೊಂಬೆ ಬಿರಿಯಿತು. ಪ್ರತಿ ಹೆಸರಿಗೂ ಬೇರರಸನು ಸೊರಗಿದನು. ಕೊನೆಯ ಹೆಸರಿಗೆ ಅವನ ಸಿಂಹಾಸನದ ಮೇಲೆ ಒಂದು ಹಿಡಿ ನಾರು ಮಾತ್ರ ಉಳಿದಿತ್ತು; ಹೆಣೆದುಕೊಂಡಿದ್ದ ಬೇರುಗಳು ಬಿಚ್ಚಿಕೊಂಡವು.

"ಎಲ್ಲ ಗೊತ್ತಿತ್ತೇ ನಿನಗೆ?" ಎಂದು ತೊಗರಿ ಕೇಳಿದಳು.

"ಹಳೆಯವರ ಹೆಸರನ್ನು ನನ್ನ ತಾಯಿ ಸಾಯುವಾಗ ಕಿವಿಯಲ್ಲಿ ಹೇಳಿಹೋದಳು. ದಿನವೂ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ."

"ಬಾಯಿಬಿಟ್ಟು ಹೇಳಲಿಲ್ಲ."

"ಹೇಳಲಿಲ್ಲ," ಎಂದಳು ಅಜ್ಜಿ.

ಸೂರ್ಯ ಮುಳುಗುತ್ತಿದ್ದಾಗ ಮುನ್ನೂರು ಕೆಂದಳಿಲುಗಳು ತಾಯಿಮರವನ್ನು ಹತ್ತಿದವು. ಇಡೀ ಮರ ಬುಡದಿಂದ ತುದಿಯವರೆಗೆ ಕೆಂಪಾಗಿ ಉರಿಯಿತು. ಹಕ್ಕಿಗಳು ಬೆಳಗಾಯಿತೆಂದು ಹಾಡತೊಡಗಿದವು. ಸಾಲಿನ ಕೊನೆಯಲ್ಲಿ ಬೂದಿಬಾಲದ ತೊಗರಿಯನ್ನು ಹೊಂಗೆ ಹೆಗಲ ಮೇಲೆ ಹೊತ್ತಿದ್ದಳು. ಬಿದ್ದ ದಿನದ ವಯಸ್ಸಿನಲ್ಲೇ ಉಳಿದಿದ್ದ ಆ ತಾಯಿ ಮಗಳಷ್ಟೇ ಎತ್ತರವಿದ್ದಳು. ಅವಳು ಎರಡು ಸಲ ಎಡವಿದಳು, ಮಗಳನ್ನು ಮಾತ್ರ ಇಳಿಸಲಿಲ್ಲ.

ಅಂದಿನಿಂದ ಮೇಲ್ನಾಡಿನಲ್ಲಿ ಯಾರ ಗೂಡನ್ನೂ ಬಿಚ್ಚಲಿಲ್ಲ, ಎಲ್ಲರೂ ಸುಖವಾಗಿ ಬಾಳಿದರು. ತೊಗರಿಗೆ ಅಜ್ಜಿಯನ್ನು ಕ್ಷಮಿಸಲು ಒಂದು ವರ್ಷ ಹಿಡಿಯಿತು. ಆ ವರ್ಷವೆಲ್ಲ ಅಜ್ಜಿ ದಿನಕ್ಕೊಂದು ಹಣ್ಣು ತಂದು ಅವಳ ಗೂಡಿನ ಬಾಯಲ್ಲಿಟ್ಟು ಹೋಗುತ್ತಿದ್ದಳು. ವರ್ಷ ತುಂಬಿದ ದಿನ ತೊಗರಿ ಹಣ್ಣನ್ನು ಎರಡಾಗಿ ಕಚ್ಚಿ, "ಕೂತ್ಕೋ ಅಜ್ಜಿ," ಎಂದು ಅರ್ಧವನ್ನು ಅವಳಿಗೆ ಕೊಟ್ಟಳು.