ಕಂದು ನೀರಿನ ತಕರಾರು

ಸೊಸೆ ಬಚ್ಚಲಿನ ನಲ್ಲಿ ತಿರುಗಿಸಿದಳು. ಬಕೆಟ್ಟಿನಲ್ಲಿ, ಹುಟ್ಟಲಿರುವ ಮಗುವಿಗೆಂದು ಹೊಲಿದ ಆರು ಬಿಳಿ ಅಂಗಿಗಳಿದ್ದವು. ಬಿದ್ದ ನೀರು ಕಂದು! ನೋಡನೋಡುತ್ತಿದ್ದಂತೆ ಅಂಗಿಗಳೆಲ್ಲ ಚಹಾ ಸೋಸಿದ ಬಟ್ಟೆಯಂತಾದವು.

"ಅತ್ತೇ!"

ಅತ್ತೆ ಬಂದರು. ನೋಡಿದರು. ಅಪರಾಧಿ ಯಾರೆಂದು ನಿಂತಲ್ಲೇ ತೀರ್ಮಾನಿಸಿದರು. ಹದಿನೈದು ದಿನದ ಹಿಂದೆ ಮನೆಗೆಲ್ಲ ಹೊಸ ಪೈಪು ಹಾಕಿ ಹೋದವಳಲ್ಲದೆ ಇನ್ಯಾರು? ಬೀದಿಯವರೆಲ್ಲ ನಲ್ಲಿಯಕ್ಕ ಎಂದು ಕರೆಯುವ ಅವಳು ಬಂದು ಮುಟ್ಟುವಷ್ಟರಲ್ಲಿ ಅತ್ತೆಯ ದೂರು ಮೂರು ಮನೆ ದಾಟಿತ್ತು.

"ತುಕ್ಕು ಹಿಡಿದ ಹಳೇ ಪೈಪ್ ಹಾಕಿದೀಯಲ್ಲಮ್ಮ! ನಂಬಿದ್ದಕ್ಕೆ ಚೆನ್ನಾಗಿ ಟೋಪಿ ಹಾಕ್ದೆ."

"ಅಮ್ಮಾ, ನಾನು ಹಾಕಿದ್ದು ಪ್ಲಾಸ್ಟಿಕ್ ಪೈಪು. ಅದಕ್ಕೆಲ್ಲಾದ್ರೂ ತುಕ್ಕು ಹಿಡಿಯುತ್ತಾ?"

"ಅದೆಲ್ಲ ನಂಗೊತ್ತಿಲ್ಲ. ಸಂಜೆ ಬೀದಿಯವರ ಮೀಟಿಂಗ್ ಇದೆ. ಉಳಿದ ಹನ್ನೊಂದು ಮನೆ ಪೈಪ್ ಕೆಲಸಾನೂ ನಿಂಗೇ ಕೊಡಿ ಅಂತಿದ್ದೆ. ಇನ್ನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಹೆಂಗಸು ಪೈಪ್ ಕೆಲಸ ಮಾಡ್ತಾಳಾ ಎಂದು ನಕ್ಕವರ ಬಾಯಿ ಮುಚ್ಚಿಸಲು ನಲ್ಲಿಯಕ್ಕನಿಗೆ ಎಂಟು ವರ್ಷ ಹಿಡಿದಿತ್ತು. ಈಗ ಒಂದು ಬಕೆಟ್ ನೀರು ಅದನ್ನೆಲ್ಲ ತೊಳೆದುಕೊಂಡು ಹೋಗುವಂತಿತ್ತು.

"ಸಂಜೆವರೆಗೆ ಟೈಮ್ ಕೊಡಿ," ಎಂದಳು.

* * *

ಮೊದಲು ಅಂಗಳದ ನಲ್ಲಿ. ಅದಕ್ಕೆ ಬೀದಿಯಿಂದ ನೇರ ನೀರು. ತಿರುಗಿಸಿದಳು. ತಿಳಿಯಾಗಿ ಬಂತು. ಬೀದಿಯ ಪೈಪು ನಿರಪರಾಧಿ.

"ಗೀಸರ್ ಕೆಟ್ಟಿರಬಹುದಾ ಅಕ್ಕ?" ಸೊಸೆ ಕೇಳಿದಳು.

"ಹಾಗಿದ್ರೆ ಬಿಸಿನೀರು ಮಾತ್ರ ಹೀಗಿರ್ಬೇಕಿತ್ತು. ತಣ್ಣೀರೂ ಇದೇ ಬಣ್ಣ ನೋಡಿ."

ಮನೆಯೊಳಗಿನ ಎಲ್ಲ ನಲ್ಲಿಯಲ್ಲೂ ಅದೇ ಕಂದು. ನಲ್ಲಿಯಕ್ಕ ಎರಡು ಗಾಜಿನ ಲೋಟ ತುಂಬಿಸಿ ಮೇಜಿನ ಮೇಲಿಟ್ಟಳು. ಒಂದಕ್ಕೆ ತುಕ್ಕು ಹಿಡಿದ ಮೊಳೆ ಹಾಕಿದಳು. ಇನ್ನೊಂದನ್ನು ಹಾಗೇ ಬಿಟ್ಟಳು.

ಕುರ್ಚಿಯಲ್ಲಿ ಅತ್ತೆಯ ಗಂಡ, ಮನೆಯ ಯಜಮಾನರು, ಪೇಪರ್ ಓದುತ್ತಿದ್ದರು. ನಲವತ್ತು ವರ್ಷ ಬಡಗಿ ಕೆಲಸ ಮಾಡಿದ ಜೀವ. ಮೊಣಕಾಲಿನ ಆಪರೇಷನ್ ಆದಮೇಲೆ ಡಾಕ್ಟರು ಮೆಟ್ಟಿಲು ಹತ್ತಲೇಬಾರದು ಎಂದಿದ್ದರು.

"ಟ್ಯಾಂಕ್ ನೋಡೋದೇನೂ ಬೇಡಮ್ಮ," ಪೇಪರ್ ಹಿಂದಿನಿಂದ ದನಿ ಬಂತು. "ಅಲ್ಲೇನೂ ಇಲ್ಲ."

ಟ್ಯಾಂಕಿನ ಮಾತನ್ನು ಅಲ್ಲಿ ಯಾರೂ ಎತ್ತಿರಲಿಲ್ಲ. ನಲ್ಲಿಯಕ್ಕ ತುಟಿಯಂಚಿನಲ್ಲೇ ನಕ್ಕಳು.

* * *

ಒಂದು ಗಂಟೆಯ ಬಳಿಕ ಎಲ್ಲರನ್ನೂ ಮೇಜಿನ ಸುತ್ತ ಕರೆದಳು.

"ತುಕ್ಕಾಗಿದ್ರೆ ತಳದಲ್ಲಿ ಕೂರಬೇಕಿತ್ತು. ಈ ಲೋಟದಲ್ಲಿ ಒಂದು ಚೂರೂ ಕೂತಿಲ್ಲ. ಈಗ ಮೊಳೆ ಹಾಕಿದ್ದನ್ನ ನೋಡಿ."

ಮೊಳೆಯ ಸುತ್ತ ನೀರು ಶಾಯಿಯಂತೆ ಕಪ್ಪಾಗಿತ್ತು.

"ಇದು ಮರದ ಒಗರು. ಹಸಿ ಮರಕ್ಕೆ ಕಬ್ಬಿಣದ ಮೊಳೆ ಹೊಡೆದ್ರೆ ಸುತ್ತ ಕಪ್ಪಾಗಲ್ವಾ ಯಜಮಾನ್ರೆ?"

"ಆಗ್ದೆ ಇರುತ್ತಾ! ಅದಕ್ಕೇ ನಾನು ಈ ಸಲ ಹಿತ್ತಾಳೆ ಮೊಳೆ ತಂದಿರೋ..."

ಯಜಮಾನರು ನಾಲಿಗೆ ಕಚ್ಚಿಕೊಂಡರು.

"ಯಾವ ಸಲ? ಏನಕ್ಕೆ?" ಅತ್ತೆ ಸೊಂಟದ ಮೇಲೆ ಕೈಯಿಟ್ಟರು.

ನಲ್ಲಿಯಕ್ಕ ತಾರಸಿಗೆ ಓಡಿದಳು. ಟ್ಯಾಂಕಿನ ಮುಚ್ಚಳ ತೆಗೆದಳು. ಹಗ್ಗ ಕಟ್ಟಿದ ಎಂಟು ಹಲಗೆಗಳು ಒಳಗೆ ಹಾಯಾಗಿ ಮುಳುಗಿದ್ದವು. ಒಂದನ್ನು ಬಿಚ್ಚಿ ಕೆಳಗೆ ತಂದು ಮೇಜಿನ ಮೇಲಿಟ್ಟಳು.

"ತೊಟ್ಟಿಲು ಕಣೇ, ಮೊಮ್ಮಗೂಗೆ," ಯಜಮಾನರು ತೊದಲಿದರು. "ಹೇಳದೇ ಮಾಡಿ ತೋರಿಸೋಣ ಅಂತಿದ್ದೆ. ನೀರಲ್ಲಿ ನೆನೆಸಿ ಹದ ಮಾಡಿದ್ರೆ ಮರ ಬಿರುಕು ಬಿಡಲ್ಲ. ಕೆಲಸದಲ್ಲಿದ್ದಾಗ ಕೆರೇಲಿ ಹಾಕ್ತಿದ್ವಿ. ಇಲ್ಲಿ ಕೆರೆ ಎಲ್ಲಿಂದ ತರ್ಲಿ?"

"ಅದಕ್ಕೆ ಕುಡಿಯೋ ನೀರಿಗೇ ಹಾಕೋದಾ? ಆ ಕಾಲಲ್ಲಿ ಮೆಟ್ಟಿಲು ಬೇರೆ ಹತ್ತಿದೀರಾ!"

"ನಿನ್ನೆ ರಾತ್ರಿ ನೀವೆಲ್ಲ ಮಲಗಿದ್ಮೇಲೆ ಮೆಲ್ಲಗೆ ಹತ್ತಿದೆ ಕಣೇ."

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಲ್ಲಿಯಕ್ಕ ಉಳಿದ ಹಲಗೆ ಎತ್ತಿದಳು, ಟ್ಯಾಂಕ್ ತೊಳೆದು ಹೊಸ ನೀರು ತುಂಬಿಸಿದಳು. ಪೈಪುಗಳಲ್ಲಿ ಉಳಿದಿದ್ದ ಕಂದು ನೀರು ಹರಿದುಹೋದ ಮೇಲೆ ನಲ್ಲಿಗಳೆಲ್ಲ ತಿಳಿಯಾದವು. ಅತ್ತೆ ಮಾತ್ರ ಅತ್ತ ತಿರುಗಿಯೂ ನೋಡದೆ ಮೀಟಿಂಗಿಗೆ ಹೊರಟರು. ನಲ್ಲಿಯಕ್ಕನಿಗೆ ಅದೇ ಭಯ.

* * *

ಸಂಜೆ ಮೀಟಿಂಗಿನಲ್ಲಿ ಅತ್ತೆ ಎಲ್ಲರಿಗಿಂತ ಮೊದಲು ಎದ್ದು ನಿಂತರು.

"ಬೆಳಿಗ್ಗೆ ನಾನು ಈ ಹುಡುಗಿ ಹೆಸರು ಕೆಡಿಸಿದೆ. ತಪ್ಪು ನಂದು. ಅವಳ ಪೈಪು ಅಪ್ಪಟ ಚಿನ್ನ. ಕೆಟ್ಟಿದ್ದು ನಮ್ಮನೆಯವರ ತಲೆ! ಕೆಲಸ ಅವಳಿಗೇ ಕೊಡೋಣ ಅನ್ನೋರು ಕೈ ಎತ್ತಿ."

ನಲ್ಲಿಯಕ್ಕನ ಕಣ್ಣು ತುಂಬಿ ಬಂತು. ಮನೆಗೊಂದರಂತೆ ಕೈಗಳು ಮೇಲೇರಿದವು. ಎಣಿಸಿದರೆ ಬೀದಿಯ ಹನ್ನೆರಡು ಮನೆಗೆ ಹದಿಮೂರು ಕೈ. ಹಿಂದಿನ ಸಾಲಿನಲ್ಲಿ ಯಜಮಾನರು ಎರಡೂ ಕೈ ಎತ್ತಿ ಕೂತಿದ್ದರು.