ಹಿಂದಿನ ಸೀಟಿನ ಡೈಲಾಗ್

ಸಿನಿಮಾದಲ್ಲಿ ಇಲ್ಲದ ಡೈಲಾಗನ್ನು ಹಾಡಿ ಹೊಗಳಿ, ಕನ್ನಡಕ ತನ್ನ ಮಾನವನ್ನು ತಾನೇ ಮೂರು ಕಾಸಿಗೆ ಹರಾಜು ಹಾಕಿಕೊಂಡಳು.

ಕನ್ನಡಕ ಅಂದರೆ ಇಲ್ಲಿ ಮೂಗಿನ ಮೇಲಿನ ವಸ್ತುವಲ್ಲ, ಹುಡುಗಿ. ಕನ್ನಡಕದಂಗಡಿಯಲ್ಲಿ ಅವಳ ಕೆಲಸ. ಹೊಸ ಕನ್ನಡ ಸಿನಿಮಾ ಬಂದರೆ ಮೊದಲ ಭಾನುವಾರದ ಮ್ಯಾಟಿನಿಗೆ ತಪ್ಪದೆ ಹಾಜರು, ಸಂಜೆ ಫೋನಿನ ಸಿನಿಮಾ ಗುಂಪಿನಲ್ಲಿ ಅವಳ ಅಭಿಪ್ರಾಯ ಹಾಜರು. ಕನ್ನಡ, ಕನ್ನಡಕ, ಎರಡನ್ನೂ ಸೇರಿಸಿ ಗುಂಪಿನವರು ಇಟ್ಟ ಹೆಸರು ಅವಳಿಗೇ ಅಂಟಿಕೊಂಡಿತ್ತು.

ಅವಳ ಬರಹ ಅರ್ಧ ಸಿನಿಮಾದ ಬಗ್ಗೆ, ಇನ್ನರ್ಧ ಅದನ್ನು ನೋಡಿದ ಜನರ ಬಗ್ಗೆ. "ಹೀರೋನ ಅಮ್ಮ ಸತ್ತಾಗ ಯಾರೂ ಅಳಲಿಲ್ಲ. ನಾಯಿ ಕಳೆದುಹೋದಾಗ ಇಡೀ ಸಾಲು ಮೂಗು ಒರೆಸಿಕೊಂಡಿತು. ಮುಂದಿನ ಸಲ ನಿರ್ದೇಶಕರು ನಾಯಿಗೆ ಹೆಚ್ಚು ಸೀನು ಕೊಡಲಿ." ಒಮ್ಮೆ ಹೀಗೂ ಬರೆದಿದ್ದಳು: "ನನ್ನ ಹಿಂದೆ ಯಾವಾಗಲೂ ಒಂದು ಟ್ಯೂಬ್‌ಲೈಟ್ ಜೋಡಿ ಕೂರುತ್ತದೆ. ಊರೆಲ್ಲ ನಕ್ಕು ಮುಗಿಸಿದ ಮೇಲೆ ಅವರಿಗೆ ಜೋಕು ಹತ್ತುತ್ತದೆ." ಏನೇ ಬರೆದರೂ ಅವಳದೊಂದು ನೇಮವಿತ್ತು. ತೆರೆಯ ಮೇಲಿನ ಕೊನೆಯ ಹೆಸರು ಹೋಗುವ ತನಕ ಅವಳು ಸೀಟು ಬಿಡುತ್ತಿರಲಿಲ್ಲ. ಕಂಡಿದ್ದು, ಕೇಳಿದ್ದು ಬಿಟ್ಟು ಬೇರೇನೂ ಬರೆಯುತ್ತಿರಲಿಲ್ಲ. ಜನ ನಂಬುತ್ತಿದ್ದುದು ಅದನ್ನೇ.

ಈ ಸಲದ್ದು ಪ್ರೇಮದ ಸಿನಿಮಾ. ಇಂಟರ್ವಲ್‌ಗೆ ಸ್ವಲ್ಪ ಮುಂಚೆ ಹುಡುಗಿಯ ಅಪ್ಪ, "ನಿನ್ನ ಹತ್ರ ಏನಿದೆ ಅಂತ ನನ್ನ ಮಗಳನ್ನ ಕೊಡ್ಲಿ?" ಎಂದು ಗುಡುಗುತ್ತಾನೆ. ಕ್ಯಾಮೆರಾ ಹೀರೋನ ಮುಖಕ್ಕೆ ಬಂತು, ಅಭಿಮಾನಿಗಳ ಶಿಳ್ಳೆಗೆ ಛಾವಣಿ ಹಾರಿಹೋಗುವುದೊಂದು ಬಾಕಿ. ಹೀರೋನ ತುಟಿ ಅಲುಗಿತು. ಆ ಗದ್ದಲದಲ್ಲಿ ಕನ್ನಡಕಳ ಕಿವಿಗೆ ಬಿದ್ದದ್ದು ಇಷ್ಟು: "ಏನೂ ಇಲ್ಲ ಸರ್. ಅದಕ್ಕೇ ಕೇಳ್ತಿರೋದು."

ಅವಳಿಗೆ ನಗು ಬಂತು, ನಗುತ್ತಿದ್ದ ಹಾಗೆಯೇ ಕಣ್ಣು ಒರೆಸಿಕೊಂಡಳು. ಪ್ರೀತಿಯನ್ನು ಇಷ್ಟು ಸಣ್ಣ ಮಾತಿನಲ್ಲಿ ಹೇಳಿದ್ದನ್ನು ಅವಳು ಈಚೆಗೆ ಯಾವ ಸಿನಿಮಾದಲ್ಲೂ ಕೇಳಿರಲಿಲ್ಲ. "ಇದೊಂದು ಡೈಲಾಗಿಗೆ ಟಿಕೆಟ್ಟಿನ ದುಡ್ಡು ವಸೂಲು" ಎಂದು ಬರೆದಳು.

ಮುಂದಿನ ದಿನಗಳಲ್ಲಿ, ಶಿಳ್ಳೆ ಇಳಿದ ಮೇಲೆ ಸಿನಿಮಾಕ್ಕೆ ಹೋದವರಿಗೆ ಬೇರೆಯೇ ಕೇಳಿಸಿತು. ಹೀರೋ ಎದೆ ಮುಟ್ಟಿಕೊಂಡು, "ನನ್ನ ಹತ್ರ ಹೃದಯ ಇದೆ ಸರ್" ಅನ್ನುತ್ತಾನಂತೆ, ಹಿಂದೆ ಪಿಟೀಲು ಬೇರೆ. ಗುಂಪಿನಲ್ಲಿ ಹಬ್ಬವೋ ಹಬ್ಬ. "ಕನ್ನಡಕ ಹಾಕ್ಕೊಂಡು ನೋಡಿದ್ರೋ, ತೆಗೆದಿಟ್ಟು ನೋಡಿದ್ರೋ?" ಎಂದು ಒಬ್ಬರು. "ನೋಡದೇ ಬರೆಯೋಕೆ ಎಷ್ಟು ಸಿಕ್ತು?" ಎಂದು ಇನ್ನೊಬ್ಬರು. ಎರಡನೆಯ ಮಾತು ಅವಳಿಗೆ ನಿಜವಾಗಿಯೂ ನೋವು ಮಾಡಿತು.

ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಿಸುತ್ತಾ ಎಲ್ಲ ಕೇಳಿಸಿಕೊಂಡಳು. "ಹೀರೋ ಹೇಳಿಲ್ಲ ಅಂದ್ರೆ ಇನ್ಯಾರೋ ನಿನ್ನ ಕಿವೀಲಿ ಹೇಳಿರ್ಬೇಕು. ಯಾರಮ್ಮಾ ಅವನು?"

"ನಂಗೆ ಪ್ರಾಣಸಂಕಟ, ನಿಮಗೆ ತಮಾಷೆ ಅತ್ತಿಗೆ."

"ತಮಾಷೆ ಅಲ್ಲ. ಸಿಕ್ಕಿದ್ರೆ ಬಿಡ್ಬೇಡ ಅಂದೆ."

ಮುಂದಿನ ಭಾನುವಾರ ಅವಳು ಅದೇ ಥಿಯೇಟರಿನಲ್ಲಿ ಅದೇ ಸೀಟು ಕೇಳಿ ಪಡೆದು ಕೂತಳು. ಅರ್ಧ ಹಾಲ್ ಖಾಲಿ. ಅಪ್ಪ ಗುಡುಗಿದ, ಕ್ಯಾಮೆರಾ ತಿರುಗಿತು, ಹೃದಯವೂ ಬಂತು, ಪಿಟೀಲೂ ಬಂತು. ಅವಳು ಸೀಟಿನಲ್ಲೇ ಕುಗ್ಗಿದಳು. ನನ್ನ ಕಿವಿಯೇ ನನಗೆ ಮೋಸ ಮಾಡಿತಲ್ಲ ಎಂದುಕೊಳ್ಳುವಷ್ಟರಲ್ಲಿ ಬೆನ್ನ ಹಿಂದೆ ವಯಸ್ಸಾದ ಹೆಣ್ಣುದನಿ ಕೇಳಿತು.

"ಏನಂದ?"

"ಏನೂ ಇಲ್ಲ ಸರ್, ಅದಕ್ಕೇ ಕೇಳ್ತಿರೋದು, ಅಂದ."

"ಹೋದ ವಾರನೂ ಇದನ್ನೇ ಅಂದಿದ್ದ," ಎಂದು ಆಕೆ ನಕ್ಕರು. ಆಕೆಗೆ ಜೊತೆಯಾಗಿ ಒಂದು ಗಂಡುನಗು. ಟ್ಯೂಬ್‌ಲೈಟ್ ಜೋಡಿ.

ಅವಳು ಗಕ್ಕನೆ ತಿರುಗಿದಳು. ಬೆಳ್ಳಿಕೂದಲ ಅಜ್ಜಿಯಂಥ ಹೆಂಗಸು, ಪಕ್ಕದಲ್ಲಿ ಆಕೆಯ ಕಿವಿಗೆ ಬಾಗಿದ ಒಬ್ಬ ಯುವಕ. ತೋಳಿನ ಮೇಲೆ ತೊಳೆದರೂ ಹೋಗದ ಹಿಟ್ಟಿನ ಗೆರೆ, ಮೈಯಿಂದ ಆಗಷ್ಟೇ ಸುಟ್ಟ ಬ್ರೆಡ್ಡಿನ ಪರಿಮಳ. ತೆರೆಯ ಬೆಳಕು ಮುಖದ ಮೇಲೆ ಬಿದ್ದಾಗ ಅವನು ಸಿಕ್ಕಿಬಿದ್ದ ಕಳ್ಳನ ಹಾಗೆ ಕಣ್ಣು ತಗ್ಗಿಸಿದ. ಆಮೇಲೆ ಮೆಲ್ಲಗೆ ಎತ್ತಿದ. ಕಣ್ಣೇನೋ ಚೆನ್ನಾಗಿದೆ ಎಂದು ಅವಳಿಗೆ ಅನ್ನಿಸಿತು, ಅನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇಂಟರ್ವಲ್‌ನಲ್ಲಿ ಕಾಫಿ ಕೌಂಟರಿನ ಹತ್ತಿರ ಅವನನ್ನು ಹಿಡಿದಳು. "ಆ ಮಾತು ಸಿನಿಮಾದಲ್ಲಿಲ್ಲ."

"ಮೆಲ್ಲಗೆ ಮಾತಾಡಿ," ಅಂದ ಅವನು.

"ಅವರಿಗೆ ಕಿವಿ ಕೇಳಲ್ಲ ಅಲ್ವಾ?"

"ಮುಖ ನೋಡಿದ್ರೆ ಎಲ್ಲ ಗೊತ್ತಾಗುತ್ತೆ. ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ. ಒಂದ್ಸಲ ಶಿಳ್ಳೆ ಮಧ್ಯೆ ನನಗೂ ಕೇಳಿಸ್ಲಿಲ್ಲ. ಏನೋ ಒಂದು ಕಟ್ಟಿ ಹೇಳ್ದೆ, ಹೊಟ್ಟೆ ಹಿಡ್ಕೊಂಡು ನಕ್ರು. ಆಮೇಲೆ ರುಚಿ ಹತ್ತಿಬಿಡ್ತು, ಬರೋ ಡೈಲಾಗಿಗೆಲ್ಲ ನನ್ನದೇ ಮಸಾಲೆ."

"ನಿಮ್ಮ ಮಸಾಲೆಗೆ ನನ್ನ ಹೆಸರು ಮಣ್ಣುಪಾಲಾಯ್ತು. ನಾನು…"

"ಕನ್ನಡಕ," ಅಂದ ಅವನು. ಮುಖ ಇಳಿದುಹೋಯಿತು. "ಗುಂಪಿನಲ್ಲಿ ನಾನೂ ಇದೀನಿ. ಹೋದ ವಾರ ನಿಮ್ಮ ಬರಹದಲ್ಲಿ ನನ್ನ ಮಾತು ನೋಡಿ ಖುಷಿಗೆ ನಮ್ಮ ಬೇಕರಿಯಲ್ಲಿ ಒಂದು ತಟ್ಟೆ ಬನ್ನು ಸೀದುಹಾಕಿದೆ. ಜನ ಬೈತಾರೆ ಅಂತ ಹೊಳೀಲೇ ಇಲ್ಲ. ತಪ್ಪು ನನ್ನದು, ಇವತ್ತೇ ಬರೀತೀನಿ."

ಅಷ್ಟರಲ್ಲಿ ದೊಡ್ಡಮ್ಮ ಬಂದು ಅವಳ ಕೈ ಹಿಡಿದುಕೊಂಡರು. "ನೀನೇನಮ್ಮಾ ಕನ್ನಡಕ? ಇವನ ಮುಖ ನೋಡಿದ್ರೇ ಗೊತ್ತಾಗುತ್ತೆ. ಅಕ್ಷರ ದೊಡ್ಡದು ಮಾಡ್ಕೊಂಡು ನಿಂದು ಒಂದೂ ಬಿಡದೆ ಓದ್ತೀನಿ. ಟ್ಯೂಬ್‌ಲೈಟ್ ಅಂದಿದ್ದು ನಮ್ಮನ್ನೇ ಅಂತ ಗೊತ್ತು, ಹೋಗ್ಲಿ ಬಿಡು. ಆ ಡೈಲಾಗು ನೀನೂ ಬರ್ದಿದ್ದು ನೋಡಿ, ಅಬ್ಬ, ನನ್ನ ಕಿವಿ ಇನ್ನೂ ಪೂರ್ತಿ ಹೋಗಿಲ್ಲ ಅಂತ ಧೈರ್ಯ ಬಂತು."

ಕನ್ನಡಕ ಬಾಯಿ ತೆರೆದು ಹಾಗೆಯೇ ಮುಚ್ಚಿದಳು. ಬೇಕರಿಯವನು ಅವಳನ್ನು ನೋಡಿದ. ದೊಡ್ಡಮ್ಮನಿಗೆ ಗೊತ್ತಾಗದಿರಲಿ, ಇಬ್ಬರೂ ನಿಜ ಬರೆಯುವುದು ಬೇಡ ಎಂದು ಅವನ ಕಣ್ಣು ಕೇಳುತ್ತಿತ್ತು.

ಆ ಸಂಜೆ ಗುಂಪಿನಲ್ಲಿ ಅವಳೇ ಮೊದಲು ಬರೆದಳು: "ಆ ಮಾತು ನನಗೆ ಕೇಳಿಸಿದ್ದು ನಿಜ. ನನ್ನ ಸೀಟಿನಲ್ಲಿ ಕೂತರೆ ಕೇಳಿಸುತ್ತದೆ." ಒಂದಕ್ಷರವೂ ಸುಳ್ಳಿರಲಿಲ್ಲ. ನಂಬಿದವರೂ ಇರಲಿಲ್ಲ. ಸೀಟಿಗೆ ದೆವ್ವ ಹಿಡಿದಿದೆಯೇ ಎಂದು ಕೇಳಿದರು. ಅವಳು ಫೋನು ಮಗುಚಿಟ್ಟಳು. ಮಲಗುವಾಗ ನೆನಪಾದದ್ದು ಮಾತ್ರ ಬೈಗುಳವಲ್ಲ, ಬ್ರೆಡ್ಡಿನ ಪರಿಮಳ.

ಮರುದಿನ ದೊಡ್ಡಮ್ಮ ಅಂಗಡಿಗೇ ಬಂದರು.

"ಕಿವಿ ಮಿಷಿನ್ ಕೊಡು."

ಕನ್ನಡಕದ ಜೊತೆಗೆ ಕಿವಿಯ ಮಿಷಿನ್ನೂ ಮಾರುವ ಅಂಗಡಿ ಅದು. "ಯಾಕೆ ದೊಡ್ಡಮ್ಮ ಈಗ?" ಎಂದು ಅವಳು ಗಾಬರಿಯಾಗಿ, ಜೋರಾಗಿ ಕೇಳಿದಳು.

"ನಿನ್ನನ್ನ ಸುಳ್ಳಿ ಅಂತಿದಾರೆ. ನಾನೂ ಕೇಳಿಸ್ಕೊಂಡಿದೀನಿ, ಸಾಕ್ಷಿ ಹೇಳೋಣ ಅಂದ್ರೆ ಕಿವುಡಿ ಮಾತು ಯಾರು ನಂಬ್ತಾರೆ? ಮಿಷಿನ್ ಹಾಕ್ಕೊಂಡು ಇನ್ನೊಂದ್ಸಲ ನೋಡಿ ಬಂದು ಬರೀತೀನಿ. ಆಗ ನೋಡೋಣ ಅವರ ಬಾಯಿ."

ಅವಳು ಹಿಂದಿನ ಕಪಾಟಿಗೆ ಅಡ್ಡ ನಿಂತಳು. "ಸ್ಟಾಕ್ ಇಲ್ಲ ದೊಡ್ಡಮ್ಮ."

"ನಿನ್ನ ಹಿಂದೆ ಜೋಡಿಸಿಟ್ಟಿರೋದೇನು? ನನಗೆ ಕೇಳಲ್ಲ ಅಷ್ಟೆ, ಕಾಣುತ್ತೆ."

ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಲು ಮಾಲೀಕರು ಬಿಡುವವರಲ್ಲ. ಅವಳೇ ಕಿವಿಗೆ ಇಟ್ಟು, ತಿರುಪು ಹೊಂದಿಸಿ ಕೊಡಬೇಕಾಯಿತು. ಊಟದ ಬಿಡುವಿನಲ್ಲಿ ಬೇಕರಿಗೆ ಓಡಿದಳು.

ಅವನು ಮೈದಾ ನಾದುತ್ತಿದ್ದ. ಅವಳು ಏದುಸಿರಿನಲ್ಲಿ ಹೇಳಿದ್ದನ್ನೆಲ್ಲ ಕೇಳಿ ಕೈ ನಿಲ್ಲಿಸಿದ. "ಅಂದ್ರೆ ಈ ಭಾನುವಾರ ಅವರಿಗೆ ಹೃದಯ ಕೇಳಿಸುತ್ತೆ."

"ಪಿಟೀಲಿನ ಸಮೇತ."

ಇಬ್ಬರಿಗೂ ನಗು ಬಂತು, ನಿಲ್ಲಿಸಲಾಗಲಿಲ್ಲ. ನಗು ಮುಗಿದ ಮೇಲೆ ಅವನು, "ನಿಮ್ಮ ಹೆಸರು ಉಳಿಸ್ಕೊಳ್ಳೋಕೆ ಒಂದು ಸಾಲು ಸಾಕಿತ್ತು. ಯಾಕೆ ಬರೀಲಿಲ್ಲ?" ಎಂದ.

"ಅವರ ಧೈರ್ಯ ಕಿತ್ಕೊಂಡು ನನ್ನ ಹೆಸರು ಏನು ಮಾಡ್ಲಿ?" ಅಂದಳು. ಆಮೇಲೆ ಗಾಜಿನೊಳಗಿನ ಬನ್ನುಗಳನ್ನು ನೋಡುತ್ತಾ, "ಡೈಲಾಗು ಚೆನ್ನಾಗಿತ್ತು. ಹಾಗಂತ ಬರ್ದಿದ್ದು ಸುಳ್ಳಲ್ಲ," ಎಂದು ಸೇರಿಸಿದಳು.

ಅವನು ಒಂದು ಬನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಬೆರಳಿಗೆ ಬೆರಳು ತಾಗಿತು. ಅಂಗಡಿಗೆ ಮರಳಿದಾಗ ಅವಳ ತೋಳಿನ ಮೇಲೂ ಹಿಟ್ಟಿನ ಗೆರೆಯಿತ್ತು. ಸಂಜೆಯ ತನಕ ಒರೆಸಿಕೊಳ್ಳಲಿಲ್ಲ.

ಭಾನುವಾರ ದೊಡ್ಡಮ್ಮ ಮಿಷಿನ್ ಹಾಕಿಕೊಂಡು ನೆಟ್ಟಗೆ ಕೂತರು. ಪಕ್ಕದಲ್ಲಿ ಅವನು, ಕೈಕಟ್ಟಿ, ಬಾಯಿಕಟ್ಟಿ. ಮುಂದೆ ಅವಳು. ಹಿಂದಿನಿಂದ ಪಿಸುಮಾತಿಲ್ಲ, ತಡವಾದ ನಗುವಿಲ್ಲ. ಸಿನಿಮಾ ತನ್ನಷ್ಟಕ್ಕೆ ಓಡಿತು. ಇಷ್ಟು ವರ್ಷ ಒಬ್ಬಳೇ ಬಂದು ಒಬ್ಬಳೇ ನೋಡಿ ಹೋಗುತ್ತಿದ್ದವಳಿಗೆ ಮೊದಲ ಸಲ ಥಿಯೇಟರಿನಲ್ಲಿ ಒಂಟಿ ಅನ್ನಿಸಿತು. ಹಿಂದೆ ತಿರುಗಿ, ಏನಾದರೂ ಹೇಳಿ ಮಾರಾಯರೇ ಅನ್ನೋಣವೆನಿಸಿತು.

ಅಪ್ಪ ಗುಡುಗಿದ. ಹೀರೋ ಎದೆ ಮುಟ್ಟಿಕೊಂಡು ಹೃದಯ ಅಂದ. ಪಿಟೀಲು ಕುಯ್‌ಗುಟ್ಟಿತು. ಅವಳಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಇಂಟರ್ವಲ್‌ನ ದೀಪ ಹತ್ತಿತು.

"ಮಿಷಿನ್ ಹೇಗಿದೆ ದೊಡ್ಡಮ್ಮ?" ಎಂದು ಕೊನೆಗೆ ಎದ್ದು ಕೇಳಿದಳು.

"ಮಿಷಿನ್ ಚೆನ್ನಾಗಿದೆ," ಅಂದರು ದೊಡ್ಡಮ್ಮ. "ಸಿನಿಮಾನೇ ಚೆನ್ನಾಗಿಲ್ಲ." ಪಕ್ಕಕ್ಕೆ ತಿರುಗಿ ಅವನ ಕಿವಿ ಹಿಂಡಿದರು. "ಕಳ್ಳ. ಕನ್ನಡ ಸಿನಿಮಾ ಎಷ್ಟು ಮುಂದುವರಿದಿದೆ ಅಂತ ಎಲ್ಲರ ಹತ್ರ ಕೊಚ್ಕೊಂಡು ಬಂದೆನಲ್ಲೋ. ಎಲ್ಲ ನಿಂದೇ ಏನೋ?"

"ಎಲ್ಲ ಅಲ್ಲ ದೊಡ್ಡಮ್ಮ. ಹಾಡು ಅವರದ್ದು."

ದೊಡ್ಡಮ್ಮನ ಕಣ್ಣು ತುಂಬಿತು, ನಗುವೂ ಬಂತು. ಹಿಂಡಿದ ಕಿವಿಯನ್ನು ಸವರಿದರು. ಆಮೇಲೆ ಅವಳನ್ನು ನೋಡಿದರು. "ನೀನು ಇದೆಲ್ಲ ಗೊತ್ತಿದ್ದೂ ಬೈಸ್ಕೊಂಡು ಸುಮ್ನಿದ್ದೆ. ನನಗೋಸ್ಕರ ಅಂದ್ಕೊಳ್ಲಾ, ಇವನಿಗೋಸ್ಕರ ಅಂದ್ಕೊಳ್ಲಾ?"

ಅವಳ ಮುಖ ಕೆಂಪಾಯಿತು.

"ಸರಿ, ಅರ್ಥ ಆಯ್ತು. ಬಾ, ಸೀಟು ಬದಲಾಯಿಸು. ನನಗೆ ಇನ್ನು ಯಾರೂ ಹೇಳ್ಕೊಡ್ಬೇಕಾಗಿಲ್ಲ." ದೊಡ್ಡಮ್ಮ ಮುಂದಿನ ಸಾಲಿಗೆ ಹೋಗಿ, ಅವಳ ಸೀಟಿನಲ್ಲಿ ಕೂತುಬಿಟ್ಟರು.

ದೀಪ ಆರಿತು. ಅವನ ಪಕ್ಕ ಕೂತರೆ ಪರಿಮಳ ಇನ್ನೂ ಹತ್ತಿರ. ತೆರೆಯ ಮೇಲೆ ಹೀರೋ, ಹೀರೋಯಿನ್ನು ಗುಡ್ಡದ ಮೇಲೆ ನಿಂತು ಏನೋ ಮಾತಾಡುತ್ತಿದ್ದರು. ಅವಳು ಕಣ್ಣು ತೆರೆಯಿಂದ ಕೀಳದೆ, ಮೆಲ್ಲಗೆ ಅವನ ಕಡೆ ವಾಲಿದಳು.

"ಏನಂದ?"

ಅವನು ತಿರುಗಿ ನೋಡಿದ. ನಗು ತಡೆದುಕೊಂಡ ಅವಳ ತುಟಿಯ ಅಂಚನ್ನು, ಕೆನ್ನೆಯ ಮೇಲೆ ಕುಣಿಯುತ್ತಿದ್ದ ಬೆಳಕನ್ನು ನೋಡಿದ. ಆಮೇಲೆ ಅವಳ ಕಿವಿಗೆ ಬಾಗಿದ.

"ಒಂದು ಬೇಕರಿ ಇದೆ. ಬೆಳಗಾಗೋ ಮುಂಚೆ ಏಳ್ಬೇಕು. ದೊಡ್ಡಮ್ಮ ಇದಾರೆ, ಈಗ ಅವರಿಗೆ ಎಲ್ಲ ಕೇಳುತ್ತೆ. ಭಾನುವಾರ ಮಧ್ಯಾಹ್ನ ಮಾತ್ರ ಬಿಡುವು. ನೀವು ಜೊತೆಗಿರ್ತೀರಾ, ಅಂದ."

"ಸಿನಿಮಾದಲ್ಲಿ ಹಾಗೆ ಹೇಳಿದ್ನಾ?"

"ಇಲ್ಲ. ಇದು ನನ್ನದು."

"ನಿಮ್ಮ ಹತ್ರ ಏನಿದೆ ಅಂತ ನಾನು ಹೂಂ ಅನ್ಲಿ?" ಎಂದು ಕೇಳಿದಳು. ಕೇಳುವಾಗಲೇ ತಮಾಷೆ ಅರ್ಧದಲ್ಲಿ ಬಿಟ್ಟುಹೋಯಿತು.

"ಏನೂ ಇಲ್ಲ," ಅಂದ ಅವನು. "ಅದಕ್ಕೇ ಕೇಳ್ತಿರೋದು."

ಗುಡ್ಡದ ಮೇಲಿನ ಜೋಕಿಗೆ ಜನ ನಕ್ಕರು. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಕೂತಿದ್ದರು. ಮುಂದಿನ ಸಾಲಿನಿಂದ, ಹಿಂದೆ ತಿರುಗದೆಯೇ, ದೊಡ್ಡಮ್ಮ ಗಟ್ಟಿಯಾಗಿ ಹೇಳಿದರು:

"ಹೂಂ ಅನ್ನಮ್ಮಾ ಬೇಗ. ಬ್ಯಾಟರಿ ಮುಗಿದು ಹೋದೀತು."

ಅವಳು ಹೂಂ ಅಂದಳು. ಆಗ ಇಬ್ಬರೂ ನಕ್ಕರು, ಊರೆಲ್ಲ ನಕ್ಕು ಮುಗಿಸಿದ ಮೇಲೆ.

ಮನೆಗೆ ಹೋಗುವ ದಾರಿಯಲ್ಲೇ ದೊಡ್ಡಮ್ಮ ತಾವೇ ಗುಂಪಿನಲ್ಲಿ ಬರೆದುಹಾಕಿದರು: "ಡೈಲಾಗು ನಮ್ಮ ಹುಡುಗನದು. ಕನ್ನಡಕ ಕೇಳಿದ್ದು ಸರಿ. ಸಿನಿಮಾದವರೇ ತಪ್ಪು ಹೇಳಿದ್ದು." ಮೊದಲು ನಕ್ಕವರೂ ಆಮೇಲೆ ಕ್ಷಮೆ ಕೇಳಿದರು. ಆ ಸೀಟಿನ ನಂಬರು ಕೇಳಿದವರೂ ಇದ್ದರು.

ಸಂಜೆ ಕನ್ನಡಕಳ ಅಭಿಪ್ರಾಯವೂ ಬಂತು. ಸಿನಿಮಾವನ್ನು ಎಂದೂ ಅರ್ಧಕ್ಕೆ ಬಿಡದವಳು, ಕಂಡು ಕೇಳಿದ್ದನ್ನಷ್ಟೇ ಬರೆಯುವವಳು, ಆ ದಿನ ಬರೆದದ್ದು ಇಷ್ಟೇ: "ಮೊದಲರ್ಧ ಸಾಧಾರಣ. ಇಂಟರ್ವಲ್ ಆದ ಮೇಲೆ ನಾನು ಸಿನಿಮಾ ನೋಡಲಿಲ್ಲ."